ತಿದ್ದಿದ ಪದ

26 ಫೆಬ್ರವರಿ 2025, ಬುಧವಾರ, ಶಿವರಾತ್ರಿ
ಅಲ್ ಖೌದ್, ಮಸ್ಕತ್

ಜಾಗರಣೆ ಮುಗಿಸಿ ಮನೆ ಸೇರಿದಾಗ ರಾತ್ರಿ ಒಂದೂವರೆ. ಮಗಳು, ಅಳಿಯ, ಮೊಮ್ಮಗ ಮಲಗಿದ್ದಾರೆ. ನನಗೆ ನಿದ್ದೆ ಹತ್ತುತ್ತಿಲ್ಲ. ಅದು ಜಾಗರಣೆಯ ಫಲವಲ್ಲ. ಏನೋ ಚುಚ್ಚುತ್ತಿದೆ, ಅದಕ್ಕೇ ಬರೆಯಲು ಕೂತೆ.

ಬೆಳಗ್ಗೆ ಹಳೆಯ ಮಸ್ಕತ್‌ನ ಮೋತೀಶ್ವರ ಮಂದಿರಕ್ಕೆ ಹೋಗಿದ್ದೆವು. ಅಲ್ ಅಲಂ ಅರಮನೆಯ ಹತ್ತಿರವೇ ಇದೆ. ಗುಜರಾತಿ, ತಮಿಳು, ತೆಲುಗು ಮಾತುಗಳ ನಡುವೆ ಎಲ್ಲಿಂದಲೋ “ಬಾರವ್ವ, ಇಲ್ಲಿ ನಿಂದ್ರು” ಅಂತ ಕೇಳಿಸಿ ಎದೆ ತಂಪಾಯಿತು. ಕೊರಳಲ್ಲಿ ಇಷ್ಟಲಿಂಗ ಇದ್ದವಳು ಸ್ಥಾವರಲಿಂಗದ ಮುಂದೆ ಸಾಲು ಹಚ್ಚಬೇಕೇ ಎಂದು ಗದಗಿನಲ್ಲಿ ಎಷ್ಟು ವಾದ ಮಾಡಿದ್ದೇನೋ. ಇಲ್ಲಿ ಆ ವಾದ ನೆನಪಾಗಲಿಲ್ಲ.

ಸಂಜೆ ಇಲ್ಲೇ ಅಲ್ ಖೌದ್‌ನಲ್ಲಿ ಒಬ್ಬರ ಮನೆಯಲ್ಲಿ ಶಿವಾನುಭವ ಇಟ್ಟುಕೊಂಡಿದ್ದರು. ಇಪ್ಪತ್ತೈದು ಮೂವತ್ತು ಜನ. ನಾನು ಹಿರಿಯಳು, ಕನ್ನಡ ಟೀಚರ್ ಆಗಿದ್ದವಳು ಎಂದು ಗೋಡೆಗೆ ದಿಂಬು ಹಾಕಿ ಮುಂದೆ ಕೂಡ್ರಿಸಿದರು. ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕದಲ್ಲೇ, ಒಬ್ಬ ಹುಡುಗ ಕೂತಿದ್ದ. ಅಕ್ಕಲಕೋಟೆ ಕಡೆಯವನು, ಇಲ್ಲಿ ಏಸಿ ರಿಪೇರಿ ಮಾಡುತ್ತಾನೆ. ಯಾರೋ ಹೇಳಿದರು ಅಂತ ಹಾಡಿದ. ಬಸವಣ್ಣನವರು ತಮ್ಮನ್ನು ಎಲ್ಲ ಶರಣರಿಗಿಂತ ಚಿಕ್ಕವನೆಂದು ಹೇಳಿಕೊಂಡ ಆ ವಚನ. ರಾಗ ಯಾವ ಸಂಗೀತಗಾರನದೂ ಅಲ್ಲ, ಬೀಸುವ ಕಲ್ಲಿನ ಮುಂದೆ ಕೂತ ಹೆಣ್ಣುಮಗಳ ಧಾಟಿ. ಕಣ್ಣು ಮುಚ್ಚಿದ್ದ. ಎರಡನೆಯ ಸಾಲಿನಲ್ಲಿ ಒಂದು ಪದ ಬೇರೆ ಹೇಳಿದ.

ನಾನು ತಡೆದೆ. “ಅದು ಹಂಗಲ್ಲಪ್ಪ” ಎಂದೆ, ಸರಿಯಾದ ಪದ ಹೇಳಿದೆ.

ಅವನು ಕಣ್ಣು ಬಿಟ್ಟ. “ಹೌದ್ರಿ ಟೀಚರ್, ತಪ್ಪಾತ್ರಿ. ಮುಂದಿಂದು ನೀವ ಹೇಳ್ರಿ” ಅಂದ. ನಾನು ಹೇಳಿದೆ. ಇಡೀ ವಚನ ಹೇಳಿದೆ. ಮೇಲೆ ಅರ್ಥ ಹೇಳಿದೆ, ಬಸವಣ್ಣನವರ ವಿನಯದ ಬಗ್ಗೆ ಹತ್ತು ನಿಮಿಷ ಮಾತಾಡಿದೆ. ಎಲ್ಲರೂ ತಲೆದೂಗಿದರು. ಪ್ರಸಾದದ ಹೊತ್ತಿಗೆ ನೋಡಿದರೆ ಬಾಗಿಲ ಬಳಿ ಅವನಿರಲಿಲ್ಲ.

27 ಫೆಬ್ರವರಿ, ಗುರುವಾರ

ಬೆಳಗಿನ ಪೂಜೆಗೆ ಕೂತಾಗ ಎಡ ಅಂಗೈಯಲ್ಲಿ ಲಿಂಗ ಇತ್ತು, ದೃಷ್ಟಿ ನಿಲ್ಲಲಿಲ್ಲ. ಅದರ ಕಪ್ಪು ಹೊಳಪಿನಲ್ಲಿ ಕಿಟಕಿ ಬೆಳಕಿನ ಚುಕ್ಕಿಯೊಂದು ನಡುಗುತ್ತಿತ್ತು. ನಡುಗಿದ್ದು ನನ್ನ ಕೈ.

ಪೂಜೆ ಮುಗಿಸಿ ಪುಸ್ತಕ ತೆಗೆದೆ. ಊರಿನಿಂದ ಬರುವಾಗ ಸಮಗ್ರ ವಚನ ಸಂಪುಟದ ಮೊದಲನೆಯದನ್ನು ಚೀಲದಲ್ಲಿ ಹಾಕಿಕೊಂಡೇ ಬಂದಿದ್ದೆ. ಸರ್ಕಾರ 1993ರಲ್ಲಿ 15 ಸಂಪುಟಗಳಲ್ಲಿ ತಂದ ವಚನಗಳಲ್ಲಿ ಇದು ಬಸವಣ್ಣನವರದು, ಎಂ. ಎಂ. ಕಲಬುರ್ಗಿಯವರು ಸಂಪಾದಿಸಿದ್ದು. ಹುಡುಗ ಹೇಳಿದ ಪದವೇ ಪಾಠಾಂತರವಾಗಿ ಎಲ್ಲಾದರೂ ಇರಲಪ್ಪ ಎಂದು ಹುಡುಕಿದೆ. ಇದ್ದಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು, “ತಮ್ಮಾ, ನಿಂದ ಖರೆ, ನಂದ ತಪ್ಪು” ಎಂದುಬಿಡುತ್ತಿದ್ದೆ.

ಇಲ್ಲ. ನಾನು ಹೇಳಿದ್ದೇ ಸರಿ. ತೊಡಕು ಇರುವುದು ಅಲ್ಲೇ.

ತಪ್ಪು ಹೇಳಿ ನೋಯಿಸಿದ್ದರೆ ತಿದ್ದಿಕೊಳ್ಳಬಹುದು. ಸರಿ ಹೇಳಿ ನೋಯಿಸಿದ್ದನ್ನು ಹೇಗೆ ತಿದ್ದಿಕೊಳ್ಳುವುದು? ಮೂವತ್ತು ವರ್ಷ ಈ ವಚನವನ್ನು ಪಾಠ ಮಾಡಿದೆ. ನಾಲ್ಕು ಅಂಕದ ಪ್ರಶ್ನೆ: ಬಸವಣ್ಣನವರ ವಿನಯವನ್ನು ವಿವರಿಸಿ. ಎಷ್ಟು ಉತ್ತರಪತ್ರಿಕೆಗಳಲ್ಲಿ ಕೆಂಪು ಶಾಯಿಯ ಗೀಟು ಹಾಕಿದ್ದೇನೋ.

ಗೀತೆಯ 13ನೆಯ ಅಧ್ಯಾಯದಲ್ಲಿ ಜ್ಞಾನವೆಂದರೆ ಯಾವುದು ಎಂದು ಹೇಳಹೊರಟ ಕೃಷ್ಣ ಮೊಟ್ಟಮೊದಲು ಇಡುವುದು ಅಮಾನಿತ್ವವನ್ನು. ಮನ್ನಣೆ ಬಯಸದಿರುವುದನ್ನು. ತಿಳಿವಳಿಕೆಯ ಪಟ್ಟಿ ತಿಳಿವಳಿಕೆಯಿಂದ ಶುರುವಾಗುವುದಿಲ್ಲ. ನಿನ್ನೆ ದಿಂಬಿಗೆ ಒರಗಿ ಕೂತಾಗ ನನ್ನಲ್ಲಿ ಪಟ್ಟಿಯ ಉಳಿದದ್ದೆಲ್ಲ ಇತ್ತೇನೋ, ಮೊದಲನೆಯದು ಇರಲಿಲ್ಲ.

1 ಮಾರ್ಚ್, ಶನಿವಾರ

ಇವತ್ತಿನಿಂದ ರಂಜಾನ್. ಹಗಲು ಬೀದಿ ಮೆತ್ತಗಾಗಿದೆ. ಎದುರಿನ ಮನೆಯ ಅಜ್ಜಿ ಸಂಜೆ ಬಾಂಗಿಗೆ ಸ್ವಲ್ಪ ಮುಂಚೆ ತಾನೇ ಒಂದು ತಟ್ಟೆ ಹಿಡಿದು ಬಂದಳು. ಖರ್ಜೂರ, ಬಿಸಿ ಲುಕೈಮಾತ್. ಮನೆಯಲ್ಲಿ ಕೆಲಸದವರಿದ್ದಾರೆ, ಆದರೂ ತಾನೇ ಬರುತ್ತಾಳೆ. ಅವಳಿಗೆ ಹಿಂದಿ ನಾಲ್ಕು ಮಾತು ಬರುತ್ತದೆ, ನನಗೆ ಅರಬ್ಬಿ ಎರಡು. ಬರಿದಾದ ತಟ್ಟೆ ವಾಪಸು ಕೊಡಬಾರದೆಂಬುದು ಅವಳಿಗೂ ಗೊತ್ತು, ನನಗೂ ಗೊತ್ತು. ನಾಳೆ ಶೇಂಗಾ ಹೋಳಿಗೆ ಮಾಡಬೇಕು.

ಮಧ್ಯಾಹ್ನವೆಲ್ಲ ಶೂನ್ಯಸಂಪಾದನೆಯಲ್ಲಿ ಸಿದ್ಧರಾಮೇಶ್ವರರ ಪ್ರಸಂಗ ಓದಿದೆ. ಖರೆ ಹೇಳಬೇಕೆಂದರೆ ಆಸರೆ ಹುಡುಕಿಕೊಂಡೇ ಓದಿದೆ. ಅಲ್ಲಮಪ್ರಭುಗಳೂ ನಾಲ್ಕು ಜನರ ಮುಂದೆ ತಿದ್ದಿದರಲ್ಲ, ಅದೂ ಎಂಥ ಬಿರುಸಿನಿಂದ!

ಸೊನ್ನಲಿಗೆ, ಅಂದರೆ ಈಗಿನ ಸೊಲ್ಲಾಪುರ. ಸಿದ್ಧರಾಮರು ಅಲ್ಲಿ ಕೆರೆ ಕಟ್ಟಿಸುತ್ತಿದ್ದಾರೆ, ಗುಡಿ ಕಟ್ಟಿಸುತ್ತಿದ್ದಾರೆ. ಸಾವಿರ ಕೈಗಳು ಮಣ್ಣು ಹೊರುತ್ತಿವೆ. ಪ್ರಭುಗಳು ಬಂದು ನಿಮ್ಮ ಕೆರೆ ತೋಡಿಸುವ ರಾಮ ಎಲ್ಲಿ ಎಂದು ಹಗುರವಾಗಿ ಕೇಳುತ್ತಾರೆ. ಕೆಲಸದವರು ಸಿಟ್ಟಿಗೆದ್ದು ಕಲ್ಲು ಬೀರುತ್ತಾರೆ, ಒಂದೂ ತಾಗುವುದಿಲ್ಲ. ಸಿದ್ಧರಾಮರೇ ಓಡಿ ಬಂದು ಹಣೆಗಣ್ಣು ತೆರೆಯುತ್ತಾರೆ. ಆ ಉರಿ ಪ್ರಭುಗಳ ಪಾದದಲ್ಲಿ ಅಡಗಿಹೋಗುತ್ತದೆ.

ಕೆರೆ ತಪ್ಪು ಎಂದು ಪ್ರಭುಗಳು ಹೇಳುವುದಿಲ್ಲ. ಬಾಯಾರಿದವರಿಗೆ ನೀರು ಬೇಡವೇ? ನಾನು ಕಟ್ಟಿಸಿದೆ ಎನ್ನುವುದೊಂದು ಆ ನೀರಿನ ತಳದಲ್ಲಿ ಕೂತಿತ್ತು, ಅದನ್ನಷ್ಟೇ ಎತ್ತಿ ಹೊರಗೆ ಹಾಕಿದರು.

ಹಾಗಾದರೆ ನಾನು ಮಾಡಿದ್ದರಲ್ಲೇನು ಬೇರೆ? ಪುಸ್ತಕ ಮುಚ್ಚಿ ಬಹಳ ಹೊತ್ತು ಕೂತೆ. ಪ್ರಭುಗಳು ತಿದ್ದಿದ ಮೇಲೆ ಊಟಕ್ಕೆ ಹೋಗಲಿಲ್ಲ. ಕಲ್ಲು ಬಂದರೂ ನಿಂತರು, ಉರಿ ಬಂದರೂ ನಿಂತರು. ಕಡೆಗೆ ಸಿದ್ಧರಾಮರನ್ನು ಕರೆದುಕೊಂಡೇ ಕಲ್ಯಾಣಕ್ಕೆ ನಡೆದರು. ಚೆನ್ನಬಸವಣ್ಣನವರಿಂದ ಇಷ್ಟಲಿಂಗದೀಕ್ಷೆ ಆಗುವವರೆಗೂ ಬಿಡಲಿಲ್ಲ. ಒಂದು ಮಾತು ಆಡಿದ ಮೇಲೆ ಆ ಮನುಷ್ಯನನ್ನು ಕೊನೆಯವರೆಗೆ ಹೊತ್ತುಕೊಂಡರು. ನಾನು ಮಾತು ಆಡಿದೆ, ಪಾಯಸ ಚೆನ್ನಾಗಿದೆ ಎಂದೆ, ಕಾರು ಹತ್ತಿದೆ.

7 ಮಾರ್ಚ್, ಶುಕ್ರವಾರ

ಅಳಿಯನಿಗೆ ರಜೆ. ಬಿಸಿಲು ಇಳಿದ ಮೇಲೆ ಅಲ್ ಖೌದ್ ಅಣೆಕಟ್ಟಿನ ಕಡೆ ಕರೆದುಕೊಂಡು ಹೋದ. ನಮ್ಮ ಮಲಪ್ರಭೆಯ ನವಿಲುತೀರ್ಥದ ಹಾಗೆ ಎತ್ತರದ ಗೋಡೆ, ಹಿಂದೆ ಸಮುದ್ರದಂಥ ನೀರು ಇರುತ್ತದೆಂದುಕೊಂಡಿದ್ದೆ. ಇಲ್ಲಿ ಇರುವುದು ಉದ್ದಕ್ಕೂ ಮಲಗಿದ ಒಂದು ತಗ್ಗು ಏರಿ, ಐದು ಕಿಲೋಮೀಟರ್‌ಗೂ ಮಿಗಿಲು. ಹಿಂದೆ ಒಂದು ಹನಿ ನೀರಿಲ್ಲ. ಬರೀ ಬಯಲು, ಅದರಾಚೆ ಹಜರ್ ಬೆಟ್ಟದ ಬೋಳು ಸಾಲು.

“ಇದು ನೀರು ಕೂಡಿಡೋ ಡ್ಯಾಮ್ ಅಲ್ಲ ಅತ್ತೆ” ಎಂದ ಅವನು. 1985ರಲ್ಲಿ ಕಟ್ಟಿದ್ದಂತೆ. ಬೆಟ್ಟದಲ್ಲಿ ಮಳೆಯಾದರೆ ವಾದಿಯಲ್ಲಿ, ಅಂದರೆ ಒಣಹಳ್ಳದಲ್ಲಿ, ಪ್ರವಾಹ ಒಮ್ಮೆಲೇ ನುಗ್ಗಿ ಸಮುದ್ರ ಸೇರಿಬಿಡುತ್ತದೆ. ಅದನ್ನು ಇಲ್ಲಿ ತಡೆದು ನಿಲ್ಲಿಸುತ್ತಾರೆ. ಕೆಸರು ತಳಕ್ಕೆ ಕೂಡುತ್ತದೆ, ತಿಳಿಯಾದ ನೀರನ್ನು ನಿಧಾನವಾಗಿ ಕೆಳಗಿನ ಗರಸು ನೆಲಕ್ಕೆ ಬಿಡುತ್ತಾರೆ. ಅದು ಭೂಮಿಯೊಳಗೆ ಇಳಿಯುತ್ತದೆ. ಕಡಲ ದಂಡೆಯ ಬಾತಿನಾ ಸೀಮೆಯಲ್ಲಿ ಬಾವಿಗಳಿಂದ ನೀರು ಹೆಚ್ಚು ಎಳೆದಷ್ಟೂ ಸಮುದ್ರದ ಉಪ್ಪುನೀರು ಒಳಗೆ ಒತ್ತಿ ಬರುತ್ತದೆ, ಖರ್ಜೂರದ ತೋಟಗಳು ಒಣಗುತ್ತವೆ. ಕೆಳಗೆ ಇಳಿದ ಸಿಹಿನೀರು ಆ ಉಪ್ಪನ್ನು ಹಿಂದೆ ನೂಕಿ ಹಿಡಿಯುತ್ತದೆ. ಯಾರ ಕಣ್ಣಿಗೂ ಬೀಳದೆ.

ಏರಿ ಇಳಿದು ಒಣಗಿದ ತಳದಲ್ಲಿ ನಡೆದೆ. ಹೂಳು ಬಿರಿದು ಹಂಚಿನ ಹಾಗೆ ತುಂಡುತುಂಡಾಗಿದೆ, ಅಂಚುಗಳು ಮೇಲಕ್ಕೆ ಸುರುಟಿವೆ. ಒಂದು ತುಂಡು ಎತ್ತಿಕೊಂಡೆ. ಮೇಲ್ಮೈ ಎಷ್ಟು ನುಣುಪೆಂದರೆ ಬೆರಳಿಗೆ ವಿಭೂತಿಯ ಹಾಗೆ ಹತ್ತಿತು. ಅಡ್ಡ ಮುರಿದು ನೋಡಿದೆ, ಪದರ ಪದರ. ಕೆಳಗೆ ಸ್ವಲ್ಪ ದಪ್ಪ ಮರಳು, ಮೇಲೆ ಹೋದಂತೆ ನಯ, ಮತ್ತೆ ಮರಳು, ಮತ್ತೆ ನಯ. ಒಂದೊಂದು ಪ್ರವಾಹಕ್ಕೆ ಒಂದೊಂದು.

“ಇದೇ ದೊಡ್ಡ ಸಮಸ್ಯೆ” ಎಂದ ಅಳಿಯ. “ನೋಡೋಕೆ ನಯ, ಆದರೆ ನೀರು ಇಳಿಯೋ ಬಾಯಿ ಮುಚ್ಚಿಬಿಡುತ್ತೆ. ಕೆರೆದು ತೆಗೆಯದಿದ್ದರೆ ಮುಂದಿನ ಸಲ ನೀರು ನಿಂತು ಬಿಸಿಲಿಗೆ ಆರಿಹೋಗುತ್ತೆ.”

ಆ ತುಂಡನ್ನು ಕರವಸ್ತ್ರದಲ್ಲಿ ಕಟ್ಟಿ ತಂದೆ. ಈಗ ಈ ಪುಸ್ತಕದ ಪಕ್ಕದಲ್ಲೇ ಇದೆ. ನಯವಾದದ್ದೇ ಬಾಯಿ ಮುಚ್ಚುತ್ತದೆ ಎಂಬ ಮಾತು ಹೋಗುತ್ತಿಲ್ಲ. ನನ್ನ ಓದು, ನನ್ನ ಶುದ್ಧ ಪಾಠ, ಒಂದೊಂದು ವರ್ಷಕ್ಕೆ ಒಂದೊಂದು ಪದರ. ವಚನ ನನ್ನ ಮೇಲೆ ಬಿದ್ದು ಅಲ್ಲೇ ನಿಲ್ಲುತ್ತಿದೆ. ಕೆಳಗೆ ಇಳಿಯದೆ ಎಷ್ಟು ಕಾಲವಾಯಿತೋ.

14 ಮಾರ್ಚ್, ಶುಕ್ರವಾರ

ಓಣಿಯ ಮಕ್ಕಳಿಗೆ ಇವತ್ತು ಕರನ್‌ಕಶೂ. ರಂಜಾನ್ ಅರ್ಧ ಮುಗಿದ ಗುರುತು. ಚೀಲ ಹಿಡಿದು ಮನೆ ಮನೆಗೆ ಹಾಡುತ್ತ ಬಂದವು. ಮೊಮ್ಮಗನೂ ಜೊತೆ ಸೇರಿಕೊಂಡ, ಪದ ಗೊತ್ತಿಲ್ಲದೆಯೇ ಗಂಟಲು ಹರಿಯುವ ಹಾಗೆ ಹಾಡಿದ. ಅವನನ್ನು ಯಾರೂ ತಿದ್ದಲಿಲ್ಲ. ಎದುರು ಮನೆಯ ಅಜ್ಜಿ ಅವನ ಚೀಲಕ್ಕೆ ಎರಡು ಮುಷ್ಟಿ ಹೆಚ್ಚು ಹಾಕಿದಳು.

19 ಮಾರ್ಚ್, ಬುಧವಾರ

ಬೇಸಿಗೆಗೆ ಮುಂಚೆ ಏಸಿ ತೊಳೆಸಬೇಕೆಂದು ಮಗಳು ಹೇಳಿದ್ದಳು. ಶಿವರಾತ್ರಿಯಂದು ಹಾಡಿದ ಆ ಹುಡುಗನನ್ನೇ ಕರೆಸು ಎಂದೆ. ಬಂದ. ಬೂಟು ಹೊರಗೆ ಬಿಟ್ಟು, ಏಣಿ ತಾಗದಂತೆ ಬಾಗಿಲಿಗೆ ತನ್ನ ಚೀಲ ಅಡ್ಡ ಇಟ್ಟು ಒಳಗೆ ತಂದ. ಒಂದು ಗಂಟೆ ಕೆಲಸ, ಮಾತಿಲ್ಲ. ಚಹಾ ಕೊಟ್ಟಾಗ ನೆಲದ ಮೇಲೆಯೇ ಕೂತ. ನಾನೂ ನೆಲದ ಮೇಲೆ ಕೂತೆ. ಅವನು ತಟ್ಟನೆ ಎದ್ದು ನಿಂತ. “ಕುಂದರಪ್ಪ” ಎಂದು ಎರಡು ಸಲ ಹೇಳಬೇಕಾಯಿತು.

ಊರಿನ ಮಾತು ತೆಗೆದೆ. ಮಹಾರಾಷ್ಟ್ರದ ಹಳ್ಳಿ, ಆದರೆ ಕಲಿತದ್ದು ಕನ್ನಡ ಸಾಲಿಯಲ್ಲಿ. ಪ್ರತಿ ವರ್ಷ ಸಂಕ್ರಾಂತಿಗೆ ಸೊಲ್ಲಾಪುರದ ಗಡ್ಡಾ ಜಾತ್ರೆಗೆ ಹೋಗುತ್ತಿದ್ದರಂತೆ. ನಂದಿಧ್ವಜದ ಉದ್ದ ಕೋಲುಗಳನ್ನು ಹೊತ್ತು ಬರುವವರ ಸೊಂಟದ ಪಟ್ಟಿಯನ್ನು ಕೈಯಿಂದ ಅಳೆದು ತೋರಿಸಿದ. “ಅಜ್ಜಿ ಕೆರಿ ದಂಡಿ ಮ್ಯಾಲ ಕುಂತು ಹಾಡಾಕಿರಿ. ಸಿದ್ಧರಾಮನ ಕೆರಿ ನೀರು ಕುಡದ್ರ ಗಂಟ್ಲ ಬರ್ತೈತಿ ಅಂತಿದ್ಳ್ರಿ.”

ಅಲ್ಲಮರ ಮಾತಿಗಾಗಿ ನಾನು ಪುಸ್ತಕದಲ್ಲಿ ಹುಡುಕುತ್ತಿದ್ದ ಆ ಕೆರೆಯ ನೀರು ಕುಡಿದು ಬೆಳೆದವನು ನನ್ನ ಮುಂದೆ ಚಹಾ ಕುಡಿಯುತ್ತಿದ್ದ.

“ಅವತ್ತು ನಾ ನಡುವ ತಡೀಬಾರದಿತ್ತಪ್ಪ” ಎಂದೆ. ಎಷ್ಟೋ ದಿನದಿಂದ ಕೂಡಿಸಿ ಇಟ್ಟುಕೊಂಡ ಮಾತು, ಬಾಯಿಂದ ಬರುವಾಗ ಬಹಳ ಚಿಕ್ಕದಾಗಿ ಬಂತು.

“ಅಯ್ಯ, ಹಂಗ್ಯಾಕಂತೀರಿ. ನೀವು ತಿಳದವ್ರು.”

“ಈಗ ಒಮ್ಮೆ ಹೇಳು.”

“ಬ್ಯಾಡ್ರಿ ಟೀಚರ್. ನನಗ ಪಾಠ ಸರಿ ಬರಂಗಿಲ್ರಿ.”

ಮರ್ಯಾದೆಯಿಂದಲೇ ಹೇಳಿದ. ಕಹಿ ಇರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು. ನನ್ನ ಒಂದು ಮಾತು ಅವನೊಳಗೆ ಹೋಗಿ ಕೂತು, ಇದು ನಿನ್ನದಲ್ಲ ಎಂದು ಹೇಳುತ್ತಿದೆ. ಅವನು ಅದನ್ನು ನಂಬಿಬಿಟ್ಟಿದ್ದಾನೆ.

22 ಮಾರ್ಚ್, ಶನಿವಾರ

ಮೂರು ದಿನದಿಂದ ಆ ವಚನವೊಂದನ್ನೇ ಇಟ್ಟುಕೊಂಡು ಕೂತಿದ್ದೇನೆ. ಅರ್ಥ ಮಾಡುವುದನ್ನು ಬಿಟ್ಟು ಅದರೊಳಗೆ ಇರುವುದು ಹೇಗೆಂದು ನೋಡುತ್ತಿದ್ದೇನೆ.

ನಾನು ಕಿರಿಯ ಎಂದು ಹೇಳಲು ಮೊದಲು ಒಂದು ಅಳತೆಕೋಲು ಬೇಕು. ಹಿರಿಯ ಎನ್ನಲು ಬೇಕಾದ ಕೋಲೇ ಅದು, ತಲೆಕೆಳಗಾಗಿ ಹಿಡಿದದ್ದು ಅಷ್ಟೆ. ಪಾಠ ಮಾಡುವಾಗ ನಾನು ಕೊಡುತ್ತಿದ್ದ ವಿನಯ ಈ ಬಗೆಯದು. ಬಸವಣ್ಣನವರು ಹೇಳುತ್ತಿರುವುದು ಅದಲ್ಲವೆಂದು ಈಗ ಅನ್ನಿಸುತ್ತಿದೆ. ಬಿಜ್ಜಳನ ಭಂಡಾರಿ, ಬ್ರಾಹ್ಮಣರ ಮನೆಯಲ್ಲಿ ಹುಟ್ಟಿದವರು, ಮಾದಾರ ಚೆನ್ನಯ್ಯನವರನ್ನು, ಡೋಹರ ಕಕ್ಕಯ್ಯನವರನ್ನು ತಮ್ಮ ಹಿರಿಯರೆಂದು, ತಾವು ಅವರ ಮನೆಯ ಕೂಸೆಂದು ಕರೆದುಕೊಂಡರು. ಬರೀ ಒಳ್ಳೆಯ ಮಾತಾಗಿದ್ದರೆ ಕಲ್ಯಾಣ ಉರಿಯುತ್ತಿರಲಿಲ್ಲ. ಅವರು ನಿಜಕ್ಕೂ ಮನೆ ಬದಲಿಸಿದರು. ಕಿರಿಯ ಎನ್ನುವುದು ಅವರ ಬಾಯಲ್ಲಿ ಗುಣವಲ್ಲ, ವಿಳಾಸ. ಇಲ್ಲಿ ಇಳಿದು ಬಂದಿದ್ದೇನೆ, ಇಲ್ಲೇ ಇದ್ದೇನೆ ಎಂಬ ಸುದ್ದಿ.

ಷಟ್‌ಸ್ಥಲಗಳಿಗೆ ಒಬ್ಬೊಬ್ಬ ಶರಣರನ್ನು ಹೇಳುವ ಒಂದು ಪರಂಪರೆ ಇದೆ. ಭಕ್ತಸ್ಥಲಕ್ಕೆ ಬಸವಣ್ಣನವರು, ಪ್ರಾಣಲಿಂಗಿಸ್ಥಲಕ್ಕೆ ಸಿದ್ಧರಾಮರು. ಎಲ್ಲಕ್ಕೂ ಕೊನೆಯದಾದ ಐಕ್ಯಕ್ಕೆ ಯಾರು? ಮುಕ್ತಾಯಕ್ಕನ ಅಣ್ಣ ಅಜಗಣ್ಣ. ತನ್ನ ಭಕ್ತಿಯನ್ನು ಯಾರಿಗೂ ತೋರಿಸದೆ ಬಚ್ಚಿಟ್ಟುಕೊಂಡ ಗುಪ್ತಭಕ್ತ. ನಮ್ಮ ಗದಗಿನ ಪಕ್ಕದ ಲಕ್ಕುಂಡಿಯವನು. ಎಷ್ಟು ಸಲ ಮಕ್ಕಳನ್ನು ಕರೆದುಕೊಂಡು ಲಕ್ಕುಂಡಿಯ ಗುಡಿಗಳ ಕೆತ್ತನೆ ತೋರಿಸಿದ್ದೇನೆ, ಅಜಗಣ್ಣನ ಹೆಸರು ಎತ್ತಿದ ನೆನಪಿಲ್ಲ. ಕಂಡದ್ದನ್ನು ತೋರಿಸಿದೆ. ಶರಣರು ತುದಿಯಲ್ಲಿ ಇಟ್ಟದ್ದು ಕಾಣದಿದ್ದವನನ್ನು.

ಸಿದ್ಧೇಶ್ವರ ಸ್ವಾಮೀಜಿಯವರು ನೆನಪಾದರು. ವಿಜಯಪುರದ ಜ್ಞಾನಯೋಗಾಶ್ರಮದವರ ಬೆಳಗಿನ ಪ್ರವಚನಕ್ಕೆ ನಸುಕಿನಲ್ಲೇ ಎದ್ದು ಹೋಗುತ್ತಿದ್ದೆವು. ಜೇಬಿಲ್ಲದ ಬಿಳಿ ಅಂಗಿ. ಮೆಲ್ಲಗೆ ಮಾತು. ಸಾವಿರಾರು ಜನ, ಒಂದು ಕೆಮ್ಮೂ ಕೇಳಿಸುತ್ತಿರಲಿಲ್ಲ. ಅಲ್ಲಮರ ವಚನ ತೆಗೆದುಕೊಂಡರೆ ಅದನ್ನು ಹೊಗಳುತ್ತಿರಲಿಲ್ಲ, ಒಂದು ಹೂವಿನ ಮಾತೋ ಹೊಲದ ಮಾತೋ ಹೇಳುತ್ತ ನಮ್ಮನ್ನು ಅದರ ಒಳಗೆ ಬಿಟ್ಟು ತಾವು ಹಿಂದೆ ಸರಿದುಬಿಡುತ್ತಿದ್ದರು. 2018ರಲ್ಲಿ ಪದ್ಮಶ್ರೀ ಬಂದಾಗ ವಿನಯದಿಂದ ಬೇಡವೆಂದರು. 2023ರ ಜನವರಿ 2ರಂದು ಹೋದರು. ಸ್ಮಾರಕ ಕಟ್ಟಬಾರದು, ದೇಹವನ್ನು ಸುಡಬೇಕು, ಬೂದಿಯನ್ನು ನೀರಿಗೆ ಬಿಡಬೇಕು ಎಂದು ಮೊದಲೇ ಬರೆದಿಟ್ಟಿದ್ದರು. ನಮ್ಮಲ್ಲಿ ಹೂಳುವುದೇ ರೂಢಿ. ಗುರುಗಳಿಗೆ ಗದ್ದುಗೆ ಕಟ್ಟುವ ಜನ ನಾವು. ಅವರು ಗದ್ದುಗೆಗೂ ಜಾಗ ಉಳಿಸಲಿಲ್ಲ. ಅವತ್ತು ನಾನು ಟೀವಿಯ ಮುಂದೆ ಕೂತು ಅತ್ತಿದ್ದೆ. ಏಕೆ ಅತ್ತೆನೆಂದು ಈಗ ಸ್ವಲ್ಪ ತಿಳಿಯುತ್ತಿದೆ. ನನಗೆ ಕೈಮುಗಿಯಲು ಒಂದು ಕಲ್ಲು ಬೇಕಿತ್ತು. ಅವರು ಬಯಲು ಕೊಟ್ಟು ಹೋದರು.

30 ಮಾರ್ಚ್, ಭಾನುವಾರ, ಯುಗಾದಿ

ನಿನ್ನೆ ಇಲ್ಲಿ ಚಂದ್ರ ಕಾಣಲಿಲ್ಲ, ಹಾಗಾಗಿ ಇವತ್ತು ಮೂವತ್ತನೆಯ ಉಪವಾಸ, ನಾಳೆ ಈದ್. ಸಂಜೆ ನಮ್ಮ ಯುಗಾದಿಯ ಚಂದ್ರ ನೋಡಲು ಮಾಳಿಗೆ ಹತ್ತಿದರೆ ಎದುರು ಮಾಳಿಗೆಯಲ್ಲಿ ಅಜ್ಜಿ. ಅವಳು ಮೊದಲು ಕಂಡು ಬೆರಳು ತೋರಿಸಿದಳು. ಉಗುರಿನಷ್ಟು. ಇಬ್ಬರೂ ಕೈ ಎತ್ತಿದೆವು, ಅವಳು ಅಂಗೈ ಬಿಚ್ಚಿ, ನಾನು ಜೋಡಿಸಿ.

ರಾತ್ರಿ ನಮ್ಮ ಮನೆಗೇ ಎಲ್ಲರನ್ನೂ ಕರೆದಿದ್ದೆವು. ಬೇವು ಬೆಲ್ಲ, ಹೋಳಿಗೆ. ಆ ಹುಡುಗನೂ ಬಂದ, ಬಾಗಿಲ ಹತ್ತಿರ ಕೂತ. ನಾನು ಹೋಗಿ ಅವನ ಪಕ್ಕದಲ್ಲಿ, ಚಪ್ಪಲಿಗಳ ಬಳಿ ಕೂತೆ. ಇದರಲ್ಲೂ ತೋರಿಕೆ ಇತ್ತೇ ಎಂದು ಕೇಳಿಕೊಂಡೆ. ಸ್ವಲ್ಪ ಇತ್ತು. ಆದರೂ ಏಳಲಿಲ್ಲ.

“ನಿಮ್ಮಜ್ಜಿ ಹಾಡಿನ ಧಾಟಿ ನನಗ ಕಲಿಸಪ್ಪ” ಎಂದೆ. ಬಹಳ ಹಿಂಜರಿದು ಶುರು ಮಾಡಿದ. ಮೊದಲ ಸಾಲು ಅದೇ ಬೀಸುಕಲ್ಲಿನ ತಿರುವಿನಲ್ಲಿ ಬಂತು. ಎರಡನೆಯ ಸಾಲು. ಆ ಪದ ಬರುವ ಜಾಗದಲ್ಲಿ ಕಣ್ಣು ಬಿಟ್ಟು ನನ್ನ ಕಡೆ ನೋಡಿದ. ಆಮೇಲೆ ನಾನು ತಿದ್ದಿಕೊಟ್ಟ ಪದವನ್ನೇ ಹೇಳಿದ. ಧಾಟಿಗೆ ಒಂದು ಅಕ್ಷರ ಹೆಚ್ಚಾಯಿತು. ಕಲ್ಲು ತಿರುಗುತ್ತ ತಿರುಗುತ್ತ ತಡೆದು ನಿಂತ ಹಾಗೆ ಹಾಡು ಮುಗ್ಗರಿಸಿತು. ಅವನು ಮತ್ತೆ ಹಿಡಿಯಲು ನೋಡಿದ, ಬರಲಿಲ್ಲ.

ನನ್ನ ಸರಿಯಾದ ಪದ. ಅದು ಹೋಗಿ ಕೂತ ಜಾಗವನ್ನು ನನ್ನ ಕಿವಿಯಿಂದಲೇ ಕೇಳಿದೆ.

ಅವನ ಕೈ ಹಿಡಿದುಕೊಂಡೆ. ಏಣಿ ಹಿಡಿದು ಗಡಸಾದ ಕೈ. “ನಿಮ್ಮಜ್ಜಿ ಹೇಳಿದಂಗ ಹೇಳಪ್ಪ. ನಾ ಹೇಳಿದ್ದ ಪುಸ್ತಕದಾಗಿರಲಿ.” ಅವನು ಬಹಳ ಹೊತ್ತು ಸುಮ್ಮನಿದ್ದ. ಕೋಣೆಯಲ್ಲಿ ಉಳಿದವರು ಬೇರೆ ಮಾತಿಗೆ ಹೊರಳಿದ್ದರು, ಒಳ್ಳೆಯದೇ ಆಯಿತು. ಕಡೆಗೆ “ಅಜ್ಜಿ ಇನ್ನಾ ಅದಾಳ್ರಿ. ನಾ ಫೋನ್ ಮಾಡಿ ಹಾಡಿಸಿ ಕಳಸ್ತೀನ್ರಿ” ಎಂದ.

31 ಮಾರ್ಚ್, ಸೋಮವಾರ

ನಸುಕಿನಿಂದಲೇ ಮಸೀದಿಯಿಂದ ಈದ್‌ನ ತಕ್ಬೀರ್. ಬೀದಿಯಲ್ಲಿ ಬಿಳಿ ದಿಶ್‌ದಾಶಾಗಳು, ಹೊಸ ಬಟ್ಟೆಯ ಮಕ್ಕಳು. ಪೂಜೆಗೆ ಕೂತಾಗ ಕೈ ನಡುಗಲಿಲ್ಲ, ಅಥವಾ ನಾನು ಅದನ್ನು ನೋಡಲಿಲ್ಲ.

ಹತ್ತು ಗಂಟೆಗೆ ವಾಟ್ಸಾಪ್‌ನಲ್ಲಿ ಧ್ವನಿ ಬಂತು, ಮೂರು ನಿಮಿಷದ್ದು. ಮೊದಲು ಯಾರೋ ಹೆಣ್ಣುಮಗಳು “ಇಲ್ಲಿ, ಇದರಾಗ ಹೇಳಬೇ” ಅನ್ನುತ್ತಾಳೆ. ಎಮ್ಮೆಯೊಂದು ಕೂಗುತ್ತದೆ. ಆಮೇಲೆ ಅಜ್ಜಿ. ಹಲ್ಲಿಲ್ಲದ ಬಾಯಿ, ಉಸಿರು ಫೋನಿಗೆ ತಾಗುವ ಸದ್ದು, ಒಂದು ಸಾಲು ಎಳೆದು ನಿಲ್ಲಿಸಿ ಮತ್ತೊಂದು ಸಾಲಿಗೆ ಹೋಗುವಾಗ ಸಣ್ಣ ಹೂಂಕಾರ. ಯಾರಿಗೂ ಹೇಳುತ್ತಿಲ್ಲ ಅವಳು. ಬೀಸುವ ಕಲ್ಲು ಇಲ್ಲದಿದ್ದರೂ ಅದು ತಿರುಗುತ್ತಿದೆ.

ನಾಲ್ಕು ಸಲ ಕೇಳಿದೆ. ನಾಲ್ಕನೆಯ ಸಲ ಎರಡನೆಯ ಸಾಲಿಗೆ ಕಿವಿ ಕೊಟ್ಟೆ. ಆ ಜಾಗದಲ್ಲಿ ಅಜ್ಜಿ ಹೇಳುವುದು ನನ್ನ ಪದವಲ್ಲ, ಮೊಮ್ಮಗ ಶಿವರಾತ್ರಿಯಲ್ಲಿ ಹೇಳಿದ ಪದವೂ ಅಲ್ಲ. ಮತ್ತೊಂದು.

ಐದನೆಯ ಸಲ ಹಾಕಿ, ಅವಳ ಹಿಂದೆ ಹಿಂದೆ ಹೇಳಿದೆ.